ಸಿಡಿ ಪ್ಲೇಯರ್ ಕೊಳ್ಳುವ ಮುಂಚೆ ಮನೆಯ ಸಿಡಿಗಳನ್ನು ಒಮ್ಮೆ ಹರಡಿ ನೋಡಿ

"ಒಳ್ಳೇ ಸಿಡಿ ಪ್ಲೇಯರ್ ಯಾವುದು, ಎಲ್ಲಿ ಸಿಗ್ತದೆ?" ಎಂಬ ಪ್ರಶ್ನೆ ಈ ಮಳೆಗಾಲದಲ್ಲಿ ನಮಗೆ ಮೂರ್ನಾಲ್ಕು ಕಡೆಯಿಂದ ಬಂತು. ಕೇಳಿದವರೆಲ್ಲ ಐವತ್ತು ದಾಟಿದವರು. ಮನೆಯಲ್ಲಿ ಸಿಡಿ ಇದೆ, ಹಾಕಲು ಏನೂ ಇಲ್ಲ. ಹಳೇ ಡಿವಿಡಿ ಪ್ಲೇಯರ್ ಕೆಟ್ಟು ಅಟ್ಟ ಸೇರಿದೆ, ಮಗ ತಂದುಕೊಟ್ಟ ಹೊಸ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲ. ತಾಲ್ಲೂಕಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ "ಅದೆಲ್ಲ ಈಗ ಯಾರು ತಗೋತಾರೆ, ಬ್ಲೂಟೂತ್ ಸ್ಪೀಕರ್ ತಗೊಳ್ಳಿ" ಅನ್ನುತ್ತಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ಮನೆಯಲ್ಲಿ ಸಿಡಿ ಇಲ್ಲದವರು ಈಗ ಸಿಡಿ ಪ್ಲೇಯರ್ ಕೊಳ್ಳುವುದು ದಂಡ. ಆದರೆ ನಲವತ್ತು ಐವತ್ತು ಒಳ್ಳೆಯ ಸಿಡಿ ಇಟ್ಟುಕೊಂಡವರಿಗೆ ಬ್ಲೂಟೂತ್ ಡಬ್ಬಿ ಉತ್ತರವಲ್ಲ. ಅವರು ಕೊಳ್ಳಲಿ, ನೋಡಿ ಕೊಳ್ಳಲಿ. ಮೂರನೆಯವರೂ ಇದ್ದಾರೆ. ಅವರು ನಮ್ಮನ್ನು ಏನೂ ಕೇಳಿಲ್ಲ, ಆದರೆ ಅವರ ಕಪಾಟಿನಲ್ಲಿ ಇರುವ ಸಿಡಿಯ ಬಗ್ಗೆಯೇ ನಮಗೆ ಹೆಚ್ಚು ಚಿಂತೆ. ಅದನ್ನು ಕೊನೆಗೆ ಹೇಳುತ್ತೇವೆ.

ಪ್ಲೇಯರ್ ವಿಚಾರಕ್ಕೆ ಬರುವ ಮುಂಚೆ ಒಂದು ಕೆಲಸ ಮಾಡಿ. ಜಗಲಿಯ ಮೇಲೆ ಚಾಪೆ ಹಾಸಿ ಮನೆಯ ಸಿಡಿಗಳನ್ನೆಲ್ಲ ಹರಡಿ. ನೋಡಲು ಎಲ್ಲವೂ ಒಂದೇ. 12 ಸೆಂಟಿಮೀಟರ್ ಅಗಲ, ನಡುವೆ ತೂತು, ಬೆಳ್ಳಿ ಬಣ್ಣ. ಒಳಗೆ ಇರುವುದು ಮಾತ್ರ ಬೇರೆ ಬೇರೆ.

ಒಂದು ಜಾತಿ, ಆಡಿಯೋ ಸಿಡಿ. ಕಂಪನಿಯಿಂದ ಬಂದದ್ದಾದರೆ ಡಬ್ಬಿಯ ಮೇಲೆ 'ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ' ಎಂಬ ಗುರುತು ಇರುತ್ತದೆ. ಹಾಡು ಹತ್ತೋ ಹದಿನೈದೋ, ಒಟ್ಟು ಸಮಯ ಹೆಚ್ಚೆಂದರೆ 74ರಿಂದ 80 ನಿಮಿಷ. ಇನ್ನೊಂದು, ಎಂಪಿ3 ಸಿಡಿ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ "150 ಹಾಡು" ಎಂದು ಮಾರುತ್ತಿದ್ದರಲ್ಲ, ಅದು. ಮತ್ತೊಂದು, ವಿಸಿಡಿ. ಒಂದು ಸಿನಿಮಾಕ್ಕೆ ಎರಡು ಮೂರು ತಟ್ಟೆ ಬರುತ್ತಿತ್ತು. ನಮ್ಮ ಕಡೆ ಯಕ್ಷಗಾನ ಪ್ರಸಂಗಗಳು ಬಹಳಷ್ಟು ಬಂದದ್ದು ಹೀಗೆಯೇ. ಕೊನೆಯದು, ಯಾರೋ ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಸಿಡಿ. ಹಿಂಬದಿ ತುಸು ಹಸಿರೋ ನೀಲಿಯೋ ಕಾಣುತ್ತದೆ, ಮೇಲೆ ಮಾರ್ಕರ್ ಪೆನ್ನಿನ ಬರಹ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸಂಗೀತಕ್ಕೆಂದೇ ಮಾಡಿದ ಉತ್ತಮ ಸಿಡಿ ಪ್ಲೇಯರ್ ಆಡಿಯೋ ಸಿಡಿಯನ್ನು ನುಡಿಸುತ್ತದೆ. ಹೊಸ ಮಾದರಿಗಳಲ್ಲಿ ಕೆಲವು ಎಂಪಿ3 ಸಿಡಿಯನ್ನೂ ಓದುತ್ತವೆ. ವಿಸಿಡಿ ಮಾತ್ರ ಅದರ ಕೆಲಸವಲ್ಲ. ಅದಕ್ಕೆ ಡಿವಿಡಿ ಪ್ಲೇಯರ್ ಬೇಕು. ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಬೆಂಗಳೂರಿನಿಂದ ಚೆಂದದ ಹಳೇ ಜಪಾನಿ ಪ್ಲೇಯರ್ ತರಿಸಿದರು. ಹರಡಿ ನೋಡಿದರೆ ಅವರ ಅರುವತ್ತು ಸಿಡಿಯಲ್ಲಿ ನಲವತ್ತು ಯಕ್ಷಗಾನದ ವಿಸಿಡಿ. ಪ್ಲೇಯರಿನಲ್ಲಿ ಯಾವ ದೋಷವೂ ಇರಲಿಲ್ಲ. ಹಾಕಲು ಸಿಡಿ ಇರಲಿಲ್ಲ, ಅಷ್ಟೇ.

ಹರಡಿದ ಮೇಲೆ ಆಡಿಯೋ ಸಿಡಿ ಹತ್ತಕ್ಕಿಂತ ಕಡಿಮೆ ಇದ್ದರೆ ಈ ಲೇಖನದ ನಡುಭಾಗ ಹಾರಿಸಿ ಕೊನೆಗೆ ಹೋಗಿ. ನಿಮಗೆ ಸಾಧಾರಣ ಡಿವಿಡಿ ಪ್ಲೇಯರ್ ಸಾಕು.

"ಎಂಪಿ3ಗೂ ಆಡಿಯೋ ಸಿಡಿಗೂ ಕಿವಿಗೆ ಏನು ವ್ಯತ್ಯಾಸ?" ಎಂದು ಹುಡುಗರು ಕೇಳುತ್ತಾರೆ. ಲೆಕ್ಕ ಸುಲಭ. ಆಡಿಯೋ ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಜಾತ್ರೆಯ ಎಂಪಿ3 ಸಾಮಾನ್ಯವಾಗಿ 128 ಕಿಲೋಬಿಟ್. ಹನ್ನೊಂದರಲ್ಲಿ ಒಂದು ಪಾಲು. ಉಳಿದ ಹತ್ತು ಪಾಲನ್ನು "ಇದು ಕಿವಿಗೆ ಅಷ್ಟಾಗಿ ಗೊತ್ತಾಗದು" ಎಂದು ಲೆಕ್ಕ ಹಾಕಿ ಬಿಟ್ಟಿರುತ್ತಾರೆ. ಆಟೋದಲ್ಲಿ, ಟ್ರ್ಯಾಕ್ಟರಿನಲ್ಲಿ ನಿಜಕ್ಕೂ ಗೊತ್ತಾಗದು. ಆದರೆ ಮನೆಯಲ್ಲಿ ಎರಡು ಒಳ್ಳೆ ಸ್ಪೀಕರಿನ ಮುಂದೆ ಕೂತು ಮಲ್ಲಿಕಾರ್ಜುನ ಮನಸೂರರ ಆಲಾಪ ಕೇಳುವಾಗ ಹಿಂದಿನ ತಂಬೂರಿಯ ಝೇಂಕಾರ ಒಂದೇ ಸಮನೆ ಹರಿಯಬೇಕು. 128ರ ಎಂಪಿ3ಯಲ್ಲಿ ಅದು ನೀರಿನೊಳಗಿಂದ ಬಂದಂತೆ ಕುಲುಕುತ್ತದೆ. ತಾಳ, ಜಾಗಟೆಯ ಕಂಚಿನ ನಾದವೂ ಹಾಗೆಯೇ, ಪುಡಿಪುಡಿಯಾಗಿ ಕೇಳುತ್ತದೆ.

ಇದನ್ನು ಉತ್ಪ್ರೇಕ್ಷೆ ಮಾಡುವುದೂ ತಪ್ಪು. 320 ಕಿಲೋಬಿಟ್‌ನ ಎಂಪಿ3ಗೂ ಸಿಡಿಗೂ ವ್ಯತ್ಯಾಸ ಗುರುತಿಸುವುದು ಪಳಗಿದ ಕಿವಿಗೂ ಕಷ್ಟ. ಮತ್ತೆ, ಸಿಡಿಯಲ್ಲಿ ಇದ್ದ ಮಾತ್ರಕ್ಕೆ ಧ್ವನಿ ಚೆನ್ನಾಗಿರಬೇಕೆಂದೂ ಇಲ್ಲ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರದು ಕ್ಯಾಸೆಟ್ ಕಾಲ. ಅವರ ದನಿಯ ಸಿಡಿ ನಿಮ್ಮಲ್ಲಿದ್ದರೆ ಅದು ಬಹುತೇಕ ಟೇಪಿನಿಂದ ಇಳಿಸಿದ್ದೇ. ಟೇಪಿನ 'ಸ್' ಎಂಬ ಸದ್ದು ಅದರೊಳಗೇ ಇದೆ. ಲಕ್ಷ ರೂಪಾಯಿಯ ಪ್ಲೇಯರ್ ತಂದರೂ ಆ ಸದ್ದು ಹೋಗದು, ಇನ್ನೂ ಸ್ಪಷ್ಟವಾಗಿ ಕೇಳುತ್ತದೆ! 1978ರ 'ನಿತ್ಯೋತ್ಸವ'ದಿಂದ ಶುರುವಾದ ಭಾವಗೀತೆ ಕ್ಯಾಸೆಟ್ಟುಗಳಿಂದ ಮುಂದೆ ಸಿಡಿಗೆ ಬಂದವಕ್ಕೂ ಇದೇ ಮಾತು. ಕೇಳುವ ಸುಖಕ್ಕೆ ಇದೇನೂ ಅಡ್ಡಿಯಲ್ಲ. ಆದರೆ ದುಡ್ಡು ಎಷ್ಟು ಸುರಿಯಬೇಕು ಎಂದು ಯೋಚಿಸುವಾಗ ನೆನಪಿರಲಿ.

ಈಗ ಯಂತ್ರದ ವಿಷಯ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ವ್ಯವಸ್ಥೆ ಇದು. ಮೊದಲ ಪ್ಲೇಯರ್, ಸೋನಿ ಸಿಡಿಪಿ-101, ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಇಷ್ಟು ವರ್ಷವಾದರೂ ಮೂಲ ಕೆಲಸ ಬದಲಾಗಿಲ್ಲ. ಒಂದು ಸಣ್ಣ ಮಸೂರದ ಮೂಲಕ ಕಣ್ಣಿಗೆ ಕಾಣದ ಲೇಸರ್ ಕಿರಣ ಸಿಡಿಯ ಅಡಿಗೆ ಬೀಳುತ್ತದೆ. ಅಲ್ಲಿರುವ ಸಣ್ಣ ಸಣ್ಣ ಗುಳಿಗಳನ್ನು ಓದುತ್ತದೆ. ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಗೆ ಹೋಗುತ್ತಿತ್ತು, ಸಿಡಿ ಒಳಗಿನಿಂದ ಹೊರಗೆ ಬರುತ್ತದೆ. ಒಳಗಿರುವಾಗ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವ ಹೊತ್ತಿಗೆ ಸುಮಾರು 200 ಸುತ್ತು.

ಹೀಗೆ ಓದಿದ್ದು ಬರೀ ಅಂಕಿ. ಅದನ್ನು ಸ್ಪೀಕರಿಗೆ ಕೊಡುವಂಥ ಧ್ವನಿಯಾಗಿ ಬದಲಿಸುವ ಚಿಪ್ಪಿಗೆ ಡ್ಯಾಕ್ ಅನ್ನುತ್ತಾರೆ. ಅಂದರೆ ಪ್ಲೇಯರಿನೊಳಗೆ ಎರಡು ಆಳು. ಒಬ್ಬ ಓದುವವನು, ಇನ್ನೊಬ್ಬ ಹೇಳುವವನು. ಜಾಹೀರಾತು ಪೂರ್ತಿ ಇರುವುದು ಎರಡನೆಯವನ ಮೇಲೆ: 24 ಬಿಟ್, 192 ಕಿಲೋಹರ್ಟ್ಜ್, ಇನ್ನೂ ಏನೇನೋ. ನಮ್ಮ ಮಾತು ಕೇಳುವುದಾದರೆ ಆ ಅಂಕಿಗಳಿಗೆ ಮರುಳಾಗಬೇಡಿ. ಸಿಡಿಯಲ್ಲಿ ಇರುವುದೇ 16 ಬಿಟ್. ಹೆಸರಿರುವ ಕಂಪನಿಯ ಯಾವುದೇ ಪ್ಲೇಯರಿನ ಡ್ಯಾಕ್ ಇವತ್ತು ಅದನ್ನು ಅಚ್ಚುಕಟ್ಟಾಗಿ ಹೇಳಿ ಮುಗಿಸುತ್ತದೆ. ಸೋಲುವುದು ಓದುವವನು. ಲೇಸರ್ ಸವೆಯುತ್ತದೆ, ಮೋಟಾರ್ ಸವೆಯುತ್ತದೆ, ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಸಡಿಲವಾಗುತ್ತದೆ. ಸಿಡಿ ಪ್ಲೇಯರ್ ಸಾಯುವುದು ಹೀಗೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಸೌಂಡ್ ಹೇಗಿದೆ" ಅಲ್ಲ. "ಇದರ ಲೇಸರ್ ಹೋದರೆ ಬೇರೆ ಸಿಗ್ತದಾ?" ಎಂದು ಕೇಳಿ. ಹಳೇ ಪ್ಲೇಯರುಗಳಲ್ಲಿ ಎಷ್ಟೋ ಕಂಪನಿಗಳು ಸೋನಿಯ ಕೆಎಸ್‌ಎಸ್-213 ಎಂಬ ಲೇಸರ್ ಜೋಡಣೆಯನ್ನೇ ಹಾಕಿದ್ದವು. ಅದರ ಬದಲಿ ಈಗಲೂ ಮಾರಾಟವಾಗುತ್ತದೆ, ತಿಳಿದ ರಿಪೇರಿಯವರು ಹಾಕಿಕೊಡುತ್ತಾರೆ. ಯಾರೂ ಮಾಡದ ವಿಶೇಷ ಲೇಸರಿನ, ಅಪರೂಪದ, ಹತ್ತು ಕಿಲೋ ತೂಕದ ಪ್ಲೇಯರ್ ನೋಡಲು ಗತ್ತಾಗಿರುತ್ತದೆ. ಕೆಟ್ಟ ದಿನ ಅದು ಹೂದಾನಿ ಇಡುವ ಮಣೆ.

ಹಿಂಬದಿ ತಿರುಗಿಸಿ ನೋಡಿ. ಕೆಂಪು-ಬಿಳಿ ಎರಡು ದುಂಡು ಸಾಕೆಟ್ ಇರಲೇಬೇಕು. ಅದು ಲೈನ್ ಔಟ್, ಆಂಪ್ಲಿಫೈಯರಿಗೆ ಹೋಗುವ ದಾರಿ. ಮುಂದಿನ ಹೆಡ್‌ಫೋನ್ ತೂತಿನಿಂದ ವೈರು ಎಳೆದು ಕೆಲಸ ಸಾಗಿಸುವವರಿದ್ದಾರೆ, ಒಳ್ಳೆ ಪದ್ಧತಿ ಅಲ್ಲ. ಇವುಗಳ ಪಕ್ಕದಲ್ಲಿ ಕೊಆಕ್ಸಿಯಲ್ ಅಥವಾ ಆಪ್ಟಿಕಲ್ ಎಂಬ ಡಿಜಿಟಲ್ ಔಟ್ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ಒಳಗಿನ ಡ್ಯಾಕ್ ಕೆಟ್ಟರೂ ಹೊರಗಿನಿಂದ ಒಂದು ಡ್ಯಾಕ್ ಜೋಡಿಸಿ ಪ್ಲೇಯರನ್ನು ಉಳಿಸಿಕೊಳ್ಳಬಹುದು.

ಆಂಪ್ಲಿಫೈಯರಿಗೆ ಕೊಡುವಾಗ 'ಸಿಡಿ' ಅಥವಾ 'ಆಕ್ಸ್' ಎಂದಿರುವ ಜಾಗಕ್ಕೇ ಕೊಡಿ. 'ಫೋನೋ' ಎಂದಿರುವುದು ಗ್ರಾಮಫೋನ್ ತಟ್ಟೆಯ ಯಂತ್ರಕ್ಕೆ. ಅಲ್ಲಿಗೆ ಕೊಟ್ಟರೆ ಧ್ವನಿ ಒಡೆದು ಚೂರಾಗುತ್ತದೆ. ಹಾಗೆಯೇ ಮೈಕ್‌ಸೆಟ್ಟಿನ ಆಂಪ್ಲಿಫೈಯರ್. ನಮ್ಮೂರುಗಳಲ್ಲಿ ಭಜನಾ ಮಂಡಳಿಗೆ, ದೇವಸ್ಥಾನಕ್ಕೆ ಒಂದಾದರೂ ಇರುತ್ತದೆ. ಅದು ಬಯಲಿನಲ್ಲಿ ಹಾರ್ನ್ ಕೂಗಿಸಲು ಹುಟ್ಟಿದ್ದು. ಅದರ ಮೈಕ್ ತೂತಿಗೆ ಸಿಡಿ ಪ್ಲೇಯರ್ ಸಿಕ್ಕಿಸಿ "ಸೌಂಡ್ ಸರಿಯಿಲ್ಲ" ಅಂದರೆ ಪ್ಲೇಯರಿನ ತಪ್ಪೇನು?

ಹೊಸದು ಬೇಕೋ, ಹಳೆಯದು ಸಾಕೋ? ಹೊಸದರಲ್ಲಿ ಆಯ್ಕೆ ಬಹಳ ಕಡಿಮೆಯಾಗಿದೆ. ಯಮಾಹಾ ಸಿಡಿ-ಎಸ್303, ಡೆನನ್ ಡಿಸಿಡಿ-600ಎನ್‌ಇ, ಮರಾಂಟ್ಜ್ ಸಿಡಿ6007 ಇಂಥವು ಇತ್ತೀಚಿನ ವರ್ಷಗಳ ಮಾದರಿಗಳು. ಮೂರೂ ಗಟ್ಟಿ, ಮೂರಕ್ಕೂ ಹತ್ತಾರು ಸಾವಿರ ರೂಪಾಯಿ ಬೇಕು, ಮೂರಕ್ಕೂ ಬೆಂಗಳೂರಿನಂಥ ಊರಿಗೆ ಹೋಗಬೇಕು ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ಇವುಗಳಲ್ಲಿ ಹಳ್ಳಿ ಮನೆಗೆ ನಾವು ಹೇಳುವುದು ಯಮಾಹಾ ಮಾದರಿ. ಕಾರಣ ಧ್ವನಿಯಲ್ಲ. ಅದು ಎಂಪಿ3 ಸಿಡಿಯನ್ನೂ ಓದುತ್ತದೆ, ಮುಂದೆಯೇ ಪೆನ್‌ಡ್ರೈವ್ ಹಾಕುವ ಜಾಗವಿದೆ, ಡಿಜಿಟಲ್ ಔಟ್ ಎರಡೂ ಬಗೆಯದು ಇದೆ. ಮಗಳು ಪೆನ್‌ಡ್ರೈವ್ ತಂದರೂ ನಡೆಯುತ್ತದೆ, ಅಪ್ಪ ಸಿಡಿ ಹಾಕಿದರೂ ನಡೆಯುತ್ತದೆ. ಆನ್‌ಲೈನಿನಲ್ಲಿ ತರಿಸುವವರು ವಾರಂಟಿ ಭಾರತದ್ದೇ ಹೌದೋ ಅಲ್ಲವೋ ಕೇಳಿಕೊಳ್ಳಿ. ಕೆಟ್ಟರೆ ಯಾವ ಊರಿಗೆ ಹೊತ್ತುಕೊಂಡು ಹೋಗಬೇಕು ಎಂದೂ ಕೇಳಿ. ಇನ್ನೂರು ಮುನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುವವರು ನೀವು, ಅಂಗಡಿಯವನಲ್ಲ.

ಹಳೆಯದು ಕೊಳ್ಳುವುದು ಹಸು ಕೊಂಡ ಹಾಗೆ. ಕರೆದು ನೋಡದೆ ದುಡ್ಡು ಕೊಡಬಾರದು. ಬೆಂಗಳೂರಿನ ಎಸ್‌ಪಿ ರಸ್ತೆಯ ಸುತ್ತಮುತ್ತ, ಆನ್‌ಲೈನ್ ಗುಂಪುಗಳಲ್ಲಿ ಹಳೇ ಪ್ಲೇಯರ್ ಸಿಗುತ್ತವೆ. ಹೋಗುವಾಗ ಮನೆಯಿಂದ ಎರಡು ಸಿಡಿ ಒಯ್ಯಿರಿ. ಒಂದು 70 ನಿಮಿಷ ಮೀರಿದ ಕಂಪನಿ ಸಿಡಿ, ಇನ್ನೊಂದು ಕಂಪ್ಯೂಟರಿನಲ್ಲಿ ಬರೆದದ್ದು. ಹಾಕಿದ ಮೇಲೆ ಎಷ್ಟು ಹಾಡಿದೆ ಎಂದು ತೋರಿಸಲು ಪ್ಲೇಯರ್ ಎಷ್ಟು ಹೊತ್ತು ತಿಣುಕುತ್ತದೆ ಗಮನಿಸಿ. ಕೆಲವೇ ಸೆಕೆಂಡಿನಲ್ಲಿ ತೋರಿಸಬೇಕು. ಮೊದಲ ಹಾಡು ಕೇಳಿ ತಲೆಯಾಡಿಸಬೇಡಿ, ಕೊನೆಯ ಹಾಡಿಗೆ ಹೋಗಿ. ಅದು ಇರುವುದು ಸಿಡಿಯ ಅಂಚಿನಲ್ಲಿ, ಸೋತ ಯಂತ್ರ ಅಲ್ಲೇ ಜಾರುವುದು. ಬರೆದ ಸಿಡಿ ಓದಲು ಲೇಸರಿಗೆ ಹೆಚ್ಚು ಕಷ್ಟ. ಅದನ್ನೂ ಸಲೀಸಾಗಿ ಓದಿದರೆ ಲೇಸರಿನಲ್ಲಿ ಇನ್ನೂ ಜೀವ ಇದೆ ಎಂದರ್ಥ. ಟ್ರೇಯನ್ನು ಹತ್ತು ಸಲ ತೆಗೆದು ಹಾಕಿ. ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೆ ಹೇಗಿದೆ ನೋಡಿ. ಅಂಗಡಿಯವ ಅಷ್ಟು ಹೊತ್ತು ಬಿಡದಿದ್ದರೆ ಎದ್ದು ಬನ್ನಿ.

ಒಂದು ಕೈಚಳಕದ ಬಗ್ಗೆ ಎಚ್ಚರ. ಲೇಸರ್ ಸೋತಾಗ ಅದರ ಪಕ್ಕದ ಸಣ್ಣ ತಿರುಪು ತಿರುಗಿಸಿ ಕರೆಂಟ್ ಹೆಚ್ಚು ಮಾಡುತ್ತಾರೆ. ಆರುವ ದೀಪದ ಕುಡಿ ಮೇಲೆತ್ತಿದ ಹಾಗೆ ಸ್ವಲ್ಪ ದಿನ ಚೆನ್ನಾಗಿ ಉರಿಯುತ್ತದೆ, ಆಮೇಲೆ ಪೂರ್ತಿ ಆರುತ್ತದೆ. "ಲೇಸರ್ ಬದಲಿಸಿದ್ದೀರೋ, ಅಡ್ಜಸ್ಟ್ ಮಾಡಿದ್ದೀರೋ?" ಎಂದು ನೇರ ಕೇಳಿ. ಉತ್ತರಕ್ಕಿಂತ ಮುಖ ನೋಡಿದರೆ ಗೊತ್ತಾಗುತ್ತದೆ.

ಹಿಂಬದಿಯ ವೋಲ್ಟೇಜ್ ಚೀಟಿ ಓದುವುದು ಮರೆಯಬೇಡಿ. ಜಪಾನಿನ ಒಳಗೆ ಮಾರಾಟವಾದ ಯಂತ್ರ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ ಮನೆಗೆ ಬರುವುದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಸಿಕ್ಕಿಸಿದರೆ ಹೊಗೆ ಬರುತ್ತದೆ, ಹಾಡು ಬರುವುದಿಲ್ಲ.

ದುಡ್ಡಿನ ಹಂಚಿಕೆಯಲ್ಲಿ ನಮ್ಮದು ಗಟ್ಟಿ ಅಭಿಪ್ರಾಯ. ಒಟ್ಟು ಇಷ್ಟು ಎಂದು ಇಟ್ಟುಕೊಂಡರೆ ಹೆಚ್ಚಿನ ಪಾಲು ಸ್ಪೀಕರಿಗೆ, ಆಮೇಲೆ ಆಂಪ್ಲಿಫೈಯರಿಗೆ, ಉಳಿದದ್ದು ಪ್ಲೇಯರಿಗೆ. ಸ್ಪೀಕರ್ ಬದಲಿಸಿದರೆ ಅಡುಗೆ ಮನೆಯಲ್ಲಿ ಇದ್ದವರಿಗೂ ಗೊತ್ತಾಗುತ್ತದೆ. ಎರಡು ಒಳ್ಳೆ ಪ್ಲೇಯರುಗಳ ನಡುವಿನ ವ್ಯತ್ಯಾಸ ಎದುರು ಕೂತವರಿಗೂ ಅನುಮಾನವೇ. ಸಾವಿರಾರು ರೂಪಾಯಿಯ ಬಂಗಾರದ ತುದಿಯ ಕೇಬಲ್ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ. ಐದು ಸ್ಪೀಕರಿನ ಹೋಮ್ ಥಿಯೇಟರ್ ಕೂಡ ಹಾಡಿಗೆ ಬೇಡ. ಆಡಿಯೋ ಸಿಡಿಯಲ್ಲಿ ಇರುವುದು ಎಡ-ಬಲ ಎರಡೇ. ಆ ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಒಲೆಯ ಮೂರು ಗುಂಡಿನ ಹಾಗೆ ತ್ರಿಕೋನವಾದರೆ ಹಾಡುವವರು ನಡುವೆ ಕೂತಂತೆ ಕೇಳುತ್ತದೆ. ಹೆಂಚಿನ ಮನೆ, ಮರದ ಮುಚ್ಚಿಗೆ ಇದ್ದವರು ಪುಣ್ಯವಂತರು. ತಾರಸಿ ಮನೆಗೆ ಟೈಲ್ಸ್ ಹಾಕಿಸಿದವರು ನೆಲಕ್ಕೊಂದು ದಪ್ಪ ಜಮಖಾನೆ, ಕಿಟಕಿಗೆ ಪರದೆ ಹಾಕಿ. ಸ್ಪೀಕರ್ ಇಟ್ಟ ಮೇಜಿನ ಮೇಲೇ ಪ್ಲೇಯರ್ ಇಡಬೇಡಿ, ಚಂಡೆಯ ಪೆಟ್ಟಿಗೆ ಲೇಸರ್ ನಡುಗುತ್ತದೆ.

ದುಡ್ಡು ಕಡಿಮೆ ಇದ್ದವರಿಗೆ ಒಂದು ದಾರಿ ಇದೆ. ಅಟ್ಟದ ಮೇಲಿನ ಡಿವಿಡಿ ಪ್ಲೇಯರ್ ಇಳಿಸಿ ಹಿಂಬದಿ ನೋಡಿ. ಬಹಳಷ್ಟರಲ್ಲಿ ಕೊಆಕ್ಸಿಯಲ್ ಎಂಬ ಒಂಟಿ ಸಾಕೆಟ್ ಇರುತ್ತದೆ. ಯಂತ್ರ ಸಿಡಿ ಓದುತ್ತಿದ್ದರೆ ಅಲ್ಲಿಂದ ಒಂದು ಹೊರಗಿನ ಡ್ಯಾಕಿಗೆ, ಡ್ಯಾಕಿನಿಂದ ಆಂಪ್ಲಿಫೈಯರಿಗೆ ಕೊಡಿ. ವಿಸಿಡಿ, ಎಂಪಿ3, ಆಡಿಯೋ ಎಲ್ಲ ನಡೆಯುತ್ತದೆ. ಕೊರತೆ ಇಲ್ಲವೆಂದಲ್ಲ. ಎಷ್ಟನೇ ಹಾಡು ಎಂದು ನೋಡಲು ಕೆಲವಕ್ಕೆ ಟಿವಿ ಹಾಕಬೇಕು. ಕೆಲವು, ಹಾಡಿನಿಂದ ಹಾಡಿಗೆ ಹೋಗುವಾಗ ಒಂದು ಕ್ಷಣ ತಡೆಯುತ್ತವೆ. ಭಾವಗೀತೆಗೆ ತೊಂದರೆಯಿಲ್ಲ. ವಿಳಂಬಿತದಿಂದ ದ್ರುತ್‌ಗೆ ಒಂದೇ ಓಟದಲ್ಲಿ ಹೋಗುವ ಕಛೇರಿಯ ಸಿಡಿಯಲ್ಲಿ ಆ ತಡೆ ಕಲ್ಲು ಸಿಕ್ಕಿದ ಅನ್ನದಂತೆ. ಆದರೂ ನಮ್ಮನ್ನು ಕೇಳಿದವರಲ್ಲಿ ಅರ್ಧ ಜನಕ್ಕೆ ನಾವು ಹೇಳಿದ್ದು ಇದನ್ನೇ.

ತಂದ ಮೇಲಿನ ಪಾಡು ಪೇಟೆಯವರು ಬರೆದ ಸಲಹೆಗಳಲ್ಲಿ ಇರುವುದಿಲ್ಲ. ಮಲೆನಾಡಿನ ಮಳೆಗೆ ಮಸೂರದ ಮೇಲೆ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಕಟ್ಟಿಟ್ಟರೆ ಇನ್ನೂ ಬೇಗ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಯೇ ಅದಕ್ಕೆ ಔಷಧಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಕಡೆ, ದೇವರ ಕೋಣೆಯ ಊದುಬತ್ತಿಯ ಪಕ್ಕ ಇಡಬೇಡಿ. ಹೊಗೆಯ ಜಿಡ್ಡು ತೆಳುವಾಗಿ ಮಸೂರಕ್ಕೆ ಕೂತು "ನೋ ಡಿಸ್ಕ್" ಅನ್ನಲು ಶುರುಮಾಡುತ್ತದೆ. ಎಷ್ಟೋ ಸಲ ಲೇಸರ್ ಹೋಗಿರುವುದಿಲ್ಲ, ಕಣ್ಣು ಕೊಳೆಯಾಗಿರುತ್ತದೆ. ವೈರು ಕಿತ್ತು, ತಿಳಿದವರ ಕೈಯಲ್ಲಿ ಮುಚ್ಚಳ ತೆಗೆಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ತುಸುವೇ ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿದರೆ ಸಾಕು. ಸೆಂಟು, ಉಗುರುಬಣ್ಣ ತೆಗೆಯುವ ದ್ರವ ಹಾಕಿ ಮಸೂರ ಮಂಜು ಮಾಡಿಕೊಂಡವರಿದ್ದಾರೆ. ಓಡುತ್ತಿರುವಾಗ ಲೇಸರನ್ನು ಇಣುಕಿ ನೋಡುವುದು ಬೇಡವೇ ಬೇಡ. ಕಿರಣ ಕಾಣುವುದಿಲ್ಲ, ಕಣ್ಣಿಗೆ ಅಪಾಯ ಇದ್ದೇ ಇದೆ.

ಕರೆಂಟಿನದು ಇನ್ನೊಂದು ಕತೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹಾಕಿದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಅದೇ ಗುಂಯ್ ಸ್ಪೀಕರಿನಲ್ಲೂ ಬರುತ್ತದೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಇಲ್ಲ. ಇನ್ವರ್ಟರ್ ಹೊಸದು ಹಾಕಿಸುವವರಿದ್ದರೆ ಆಗಲೇ ಕೇಳಿ ಹಾಕಿಸಿ. ಕರೆಂಟಿನಲ್ಲಿ ಓಡುವಾಗಲೂ ಗುಂಯ್ ಇದ್ದರೆ ಅರ್ಥಿಂಗ್ ನೋಡಿಸಿ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಸಿಡಿಯನ್ನು ಒರೆಸುವವರು ಬಹಳ ಜನ ಸುತ್ತಲೂ ಉಜ್ಜುತ್ತಾರೆ. ಉಜ್ಜಬೇಕಾದದ್ದು ನಡುವಿನಿಂದ ಅಂಚಿಗೆ, ನೇರ. ಅಡ್ಡಗೀರು ಬಿದ್ದರೆ ಓದುವಾಗ ಒಂದೊಂದು ಸುತ್ತಿಗೆ ಒಂದು ಚಿಟಿಕೆಯಷ್ಟೇ ಕಳೆದುಹೋಗುತ್ತದೆ, ಅದನ್ನು ಯಂತ್ರವೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಿಡಿಯಲ್ಲಿ ಅಂಥ ವ್ಯವಸ್ಥೆಯನ್ನು ಮೊದಲೇ ಇಟ್ಟಿದ್ದಾರೆ. ಸುತ್ತಿನ ದಿಕ್ಕಿನಲ್ಲೇ ಗೀರಿದರೆ ಒಂದೇ ಕಡೆ ಉದ್ದಕ್ಕೆ ಕಳೆದುಹೋಗಿ ತುಂಬಿಕೊಳ್ಳಲು ಆಗುವುದಿಲ್ಲ. ಮತ್ತೆ, ಎಲ್ಲರೂ ಅಡಿಭಾಗವನ್ನೇ ಕಾಪಾಡುತ್ತಾರೆ. ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಇದೆ. ಹಾಡು ಇರುವ ಪದರ ಇರುವುದು ಮೇಲೆ, ಚಿತ್ರ ಅಚ್ಚಾದ ಬದಿಯ ತೆಳು ಬಣ್ಣದ ಕೆಳಗೆ. ಅಲ್ಲಿ ಕೆರೆದರೆ ಬೆಳ್ಳಿಯೇ ಎದ್ದು ಬರುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಇನ್ನು, ನಮ್ಮನ್ನು ಏನೂ ಕೇಳದವರ ಸಿಡಿ. ಚಾಪೆಯ ಮೇಲೆ ಹರಡಿದ್ದರಲ್ಲಿ ಮಾರ್ಕರ್ ಪೆನ್ನಿನ ಬರಹದವು ಇದ್ದವಲ್ಲ, ಅವನ್ನು ಬೇರೆ ಎತ್ತಿಡಿ. 'ಶಾಲಾ ವಾರ್ಷಿಕೋತ್ಸವ', 'ತಾಳಮದ್ದಳೆ', 'ಅಜ್ಜಿ ಹಾಡು', 'ಅಪ್ಪಯ್ಯನ ಭಜನೆ'. ಹದಿನೈದು ಇಪ್ಪತ್ತು ವರ್ಷದ ಹಿಂದೆ ಊರಿನ ಸ್ಟುಡಿಯೋದವರು ಕ್ಯಾಸೆಟ್‌ನಿಂದಲೋ ವಿಡಿಯೋದಿಂದಲೋ ಬರೆದುಕೊಟ್ಟದ್ದು. ಮನಸೂರರ ಹಾಡು ನಿಮ್ಮ ಮನೆಯಲ್ಲಿ ಹಾಳಾದರೆ ಇನ್ನೊಂದು ಮನೆಯಲ್ಲಿ ಇದೆ, ಆಕಾಶವಾಣಿಯಲ್ಲಿ ಇದೆ. ನಿಮ್ಮ ಅಜ್ಜಿಯ ಹಸೆ ಹಾಡು ಆ ಒಂದು ತಟ್ಟೆಯಲ್ಲಿ ಮಾತ್ರ ಇದೆ.

ಕಂಪನಿ ಸಿಡಿಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಮನೆಯಲ್ಲಿ ಬರೆದ ಸಿಡಿಯಲ್ಲಿ ಅಚ್ಚಿಲ್ಲ. ಒಂದು ಬಗೆಯ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತಾರೆ. ಬಣ್ಣ ಮಾಸುತ್ತದೆ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಶತ್ರು. ಅಗ್ಗದ ಸಿಡಿಯಾದರೆ ಇನ್ನೂ ಬೇಗ. ಮೇಲೆ ಕಾಗದದ ಚೀಟಿ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಪದರವೂ ಜೊತೆಗೆ ಬರುತ್ತದೆ. ಎಷ್ಟು ವರ್ಷ ಬಾಳುತ್ತದೆ ಎಂದು ನೋಡಿ ಹೇಳಲು ಬರುವುದಿಲ್ಲ. ಒಂದು ದಿನ ಹಾಕಿದಾಗ ಓದುವುದಿಲ್ಲ, ಅಷ್ಟೇ.

ಹಾಗಾಗಿ ಪ್ಲೇಯರ್ ಕೊಳ್ಳುವ ಮುಂಚೆ ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯುಎಸ್‌ಬಿಯಲ್ಲಿ ಹಾಕುವ ಹೊರಗಿನ ಡಿವಿಡಿ ಡ್ರೈವ್ ಸಿಗುತ್ತದೆ, ಒಳ್ಳೆಯ ಪ್ಲೇಯರಿನ ಬೆಲೆಯ ಸಣ್ಣ ಪಾಲು ಸಾಕು. ವಿಂಡೋಸ್ ಕಂಪ್ಯೂಟರಿಗೆ 'ಎಕ್ಸಾಕ್ಟ್ ಆಡಿಯೋ ಕಾಪಿ' ಎಂಬ ಉಚಿತ ತಂತ್ರಾಂಶ ಇದೆ. ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದಿ, ಸಾಧ್ಯವಾದಷ್ಟು ಸರಿಯಾದದ್ದನ್ನು ಎತ್ತಿಕೊಡುತ್ತದೆ. ಇಳಿಸುವಾಗ ಎಂಪಿ3 ಮಾಡಬೇಡಿ, ವೇವ್ ಅಥವಾ ಫ್ಲ್ಯಾಕ್ ಆಗಿ ಇಡಿ. ಎರಡು ಕಡೆ ಇಡಿ, ಒಂದು ನಿಮ್ಮ ಮನೆ, ಇನ್ನೊಂದು ಬೇರೆ ಊರಿನ ನೆಂಟರ ಮನೆ.

ಇದನ್ನು ಮನೆಮನೆಯವರೂ ಮಾಡಲಿ ಎನ್ನುವುದು ಸುಲಭ, ಆಗುವುದು ಕಷ್ಟ. ಆದ್ದರಿಂದ ನಮ್ಮ ಒತ್ತಾಯ ಗ್ರಾಮ ಪಂಚಾಯಿತಿಗಳಿಗೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಕಂಪ್ಯೂಟರ್ ಇದೆ. ಅದಕ್ಕೆ ಒಂದು ಹೊರಗಿನ ಡ್ರೈವ್, ಎರಡು ಹಾರ್ಡ್ ಡಿಸ್ಕ್, ಒಂದು ಗಟ್ಟಿ ಸಿಡಿ ಪ್ಲೇಯರ್, ಎರಡು ಸ್ಪೀಕರ್ ಸೇರಿಸಿದರೆ ಸಾಕು. ಊರಿನವರು ತಮ್ಮ ಮನೆಯ ಧ್ವನಿ ತಂದು ಇಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಸಂಜೆ ಹತ್ತು ಜನ ಕೂತು ಒಂದು ತಾಳಮದ್ದಳೆ ಕೇಳಬಹುದು. ಒಬ್ಬೊಬ್ಬರೂ ಹತ್ತಾರು ಸಾವಿರ ಹಾಕಿ ಪ್ಲೇಯರ್ ಕೊಳ್ಳುವುದಕ್ಕಿಂತ ಊರಿಗೊಂದು ಒಳ್ಳೆಯದು ಇರುವುದು ಜಾಣತನ. ಒಂದು ಬೀದಿದೀಪದ ಕಂಬಕ್ಕೆ ಬರೆಯುವ ಲೆಕ್ಕದಲ್ಲಿ ಇದರ ಬಹುಪಾಲು ಮುಗಿಯುತ್ತದೆ ಎಂದರೆ ಸದಸ್ಯರು ನಗುತ್ತಾರೆ. ನಗಲಿ, ಮುಂದಿನ ಗ್ರಾಮಸಭೆಯಲ್ಲಿ ನೀವು ಒಂದು ಅರ್ಜಿ ಕೊಡಿ. ಅಂಗಡಿಯಲ್ಲಿ ಕೊಂಡ ಸಿಡಿಗಳನ್ನು ಹೀಗೆ ಇಳಿಸಿ ಊರಿಗೆಲ್ಲ ಹಂಚುವುದು ಸರಿಯಲ್ಲ, ಅದರ ಹಕ್ಕು ಬೇರೆಯವರದು. ನಾವು ಹೇಳುತ್ತಿರುವುದು ಮನೆಯವರು, ಊರಿನವರು ಹಾಡಿ ಆಡಿದ್ದರ ಬಗ್ಗೆ.

ಅದಾಗುವವರೆಗೆ ಒಂದು ತಾತ್ಕಾಲಿಕ ಏರ್ಪಾಡು. ನಮ್ಮ ಬಳಗದ ಲ್ಯಾಪ್‌ಟಾಪಿಗೆ ಡ್ರೈವ್ ಇದೆ. ನಾವು ವರದಿಗೆಂದು ಹಳ್ಳಿಗೆ ಬರುವಾಗ ಅದು ಚೀಲದಲ್ಲೇ ಇರುತ್ತದೆ. ಮಾರ್ಕರ್ ಬರಹದ ಸಿಡಿ ಇದ್ದವರು ಹೇಳಿ ಕಳಿಸಿ. ನಿಮ್ಮ ಜಗಲಿಯಲ್ಲೇ, ನಿಮ್ಮ ಎದುರೇ ಇಳಿಸಿ, ಪೆನ್‌ಡ್ರೈವಿಗೆ ಹಾಕಿಕೊಟ್ಟು ಬರುತ್ತೇವೆ. ದುಡ್ಡು ಬೇಡ. ಪೆನ್‌ಡ್ರೈವ್ ಮಾತ್ರ ನಿಮ್ಮದೇ ಇರಲಿ, ಕನಿಷ್ಠ 16 ಜಿಬಿಯದು.